ಗೋಡೆಯಿಲ್ಲದ ಕೋಶ

ಆಸ್ಪತ್ರೆಯಲ್ಲಿ ಸರದಿ ಕಾಯುತ್ತಿದ್ದ ದರ್ಜಿಯ ಕಿವಿ ಬೇಡವೆಂದರೂ ಪಕ್ಕದ ಬೆಂಚಿನತ್ತಲೇ ವಾಲಿತ್ತು. ಅಲ್ಲಿ ಗಾರೆ ಮೇಸ್ತ್ರಿಯೊಬ್ಬ, ಕಾಲೇಜು ಓದುವ ಅವನ ಮಗಳು. ಮೇಸ್ತ್ರಿ ಬಂದವನೇ ಗೋಡೆಯನ್ನು ಬೆರಳಗೆಣ್ಣಿನಿಂದ ಬಡಿದು ನೋಡಿ ಕೂತಿದ್ದ, ಕಸುಬಿನ ಚಾಳಿ. ಸೋಂಕಿನ ಜ್ವರ ಬಂದ ಅವನ ಹೆಂಡತಿಗೆ ಒಳಗೆ ಔಷಧಿ ಹನಿಹನಿಯಾಗಿ ಇಳಿಯುತ್ತಿತ್ತು.

“ಅಷ್ಟು ಜೋರಿನ ಮದ್ದು ನಿಮ್ಮಮ್ಮನ್ನೂ ಸುಡಲ್ವೇನೇ?”

“ಇಲ್ಲಪ್ಪ. ಈ ಸೋಂಕು ತಂದ ಬ್ಯಾಕ್ಟೀರಿಯಾ ಅಂದ್ರೆ ಒಂದೇ ಒಂದು ಕೋಶ, ಸುತ್ತ ಗೋಡೆ. ಈ ಮದ್ದು ಆ ಗೋಡೆ ಕಟ್ಟೋಕೇ ಬಿಡಲ್ಲ. ಅದು ಒಡೆದು ಸಾಯುತ್ತೆ.”

“ನಮ್ಮ ಕೋಶದ ಗೋಡೆ?”

“ನಮಗೆ ಗೋಡೆನೇ ಇಲ್ಲ. ತೆಳ್ಳಗೆ ಒಂದು ಪೊರೆ, ಅಷ್ಟೆ.”

ಮೇಸ್ತ್ರಿ ಮೂಲೆಯ ಕುಂಡದ ಗಿಡ ನೋಡಿದ. “ಅದಕ್ಕೆ?”

“ಗಿಡದ ಕೋಶಕ್ಕೆ ಗೋಡೆ ಇದೆ. ಆದ್ರೆ ಅದನ್ನ ಕಟ್ಟಿರೋ ಸಾಮಾನೇ ಬೇರೆ, ಮದ್ದು ಅದರ ತಂಟೆಗೆ ಹೋಗಲ್ಲ. ಗಿಡಕ್ಕೂ ನಮಗೂ ಕೋಶದೊಳಗೆ ನ್ಯೂಕ್ಲಿಯಸ್ ಅಂತ ಒಂದು ಕೋಣೆ ಇರುತ್ತೆ. ಬ್ಯಾಕ್ಟೀರಿಯಾಕ್ಕೆ ಅದಿಲ್ಲ.”

“ಅದಕ್ಕೆ ಗೋಡೆ ಇದೆ, ಕೋಣೆ ಇಲ್ಲ. ನಮಗೆ ಕೋಣೆ ಇದೆ, ಗೋಡೆ ಇಲ್ಲ.”

“ಗೋಡೆ ಇಲ್ಲ ಅಂತಲೇ ಅಮ್ಮ ಉಳ್ಕೋತಾಳೆ.”

ಮೇಸ್ತ್ರಿ ತನ್ನ ಅಂಗೈಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದ.

ನರ್ಸ್ ಬಂದು, ಜ್ವರ ಇಳಿದಿದೆ, ಬನ್ನಿ ಎಂದಳು. ಬಾಗಿಲ ಬಳಿ ಗೋಡೆ ಬಡಿಯಲು ಎತ್ತಿದ ಮೇಸ್ತ್ರಿಯ ಕೈ ಅಲ್ಲೇ ತಡೆದು ನಿಂತಿತು. ಆಮೇಲೆ ಹಸಿ ಗಾರೆ ಮುಟ್ಟುವಷ್ಟು ಹಗುರಾಗಿ ಮಗಳ ಹೆಗಲ ಮೇಲೆ ಇಳಿಯಿತು.