ಮನೆಯಲ್ಲಿ ಮೂವರು

ಸರ್ವಿಸ್ ಸೆಂಟರಿನ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಲೈಬ್ರರಿಯನ್ ಓದುತ್ತಿದ್ದ ಪುಸ್ತಕ ಮಡಿಚಿದಳು. ಕೌಂಟರಿನಲ್ಲಿ ಎರಡು ಸ್ವೆಟರ್ ತೊಟ್ಟ ಅಜ್ಜಿಯೊಬ್ಬಳು ಮೆಕ್ಯಾನಿಕ್ಕನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಮನೆ ಬೆಚ್ಚಗಿಡೋ ಹೀಟ್ ಪಂಪು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಿಂತುಹೋಗತ್ತಪ್ಪ. ಮಗ, ಸೊಸೆ, ಮೊಮ್ಮಗಳು ಹೊರಟಮೇಲೆ ನಾನೊಬ್ಬಳೇ ಗಡಗಡ ನಡುಗ್ತಾ ಕೂತಿರ್ತೀನಿ.”

“ಕೆಟ್ಟಿಲ್ಲ ಅಜ್ಜಿ. ಫೋನಿಗೆ ಜೋಡಿಸಿದಾರೆ. ಮನೇಲಿ ಯಾರೂ ಇಲ್ದಾಗ ಕರೆಂಟ್ ಉಳಿಸೋಕೆ ತಾನೇ ನಿಲ್ಲತ್ತೆ.”

“ತಾನೇ ಎಲ್ಲಿ ನಿಲ್ಲತ್ತೆ? ಸೊಸೆ ಆಫೀಸಲ್ಲಿ ಕೂತು ಬೆರಳಾಡಿಸ್ತಾಳೆ. ನೋಡಿ ಹೇಳು, ನಂಗೆ ಸಾಕ್ಷಿ ಬೇಕು.”

ಮೆಕ್ಯಾನಿಕ್ ಕಂಪ್ಯೂಟರಿನಲ್ಲಿ ಅವರ ಮನೆಯ ವಿವರ ತೆರೆದ.

“ಯಾರೂ ಕೈಯಿಂದ ಆಫ್ ಮಾಡಿಲ್ಲ. ಮನೆಯವರ ಫೋನುಗಳೆಲ್ಲ ಹೊರಗೆ ಹೋದ್ರೆ ಮನೆ ಖಾಲಿ ಅಂದ್ಕೊಳತ್ತೆ.”

“ನನ್ನ ಹತ್ರ ಫೋನೇ ಇಲ್ವಲ್ಲ!”

“ಇಲ್ದಿದ್ರೂ ನಡೆಯತ್ತೆ. ಎಷ್ಟು ಜನ ಇದೀರಿ, ಹಗಲು ಯಾರಿರ್ತಾರೆ ಅಂತ ಫೋನಿಗೆ ಜೋಡಿಸೋವಾಗ್ಲೇ ಕೇಳತ್ತೆ. ಇಲ್ಲಿ ಮೂರು ಜನ ಅಂತಿದೆ. ಹಗಲು ಯಾರೂ ಇಲ್ಲ.”

“ನೋಡಿದ್ಯಾ! ನಾನು ಹೇಳ್ಲಿಲ್ವಾ? ಬರೆದೋಳು ಅವಳೇ ತಾನೇ?”

ಮೆಕ್ಯಾನಿಕ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ನಿಮ್ಮ ಮಗ, ಅಜ್ಜಿ. ಅವರ ಹೆಸರೇ ಇದೆ.”

ಅಜ್ಜಿಯ ಕೈ ಸ್ವೆಟರಿನ ಗುಂಡಿ ಹಾಕಲು ಹೋಯಿತು. ಗುಂಡಿ ಆಗಲೇ ಹಾಕಿತ್ತು.

“ಮರೆತಿರ್ತಾರೆ,” ಎಂದ ಮೆಕ್ಯಾನಿಕ್. “ಈಗ್ಲೇ ಫೋನ್ ಮಾಡಿ ಹೇಳ್ಲಾ? ನಾಲ್ಕು ಅಂತ ಮಾಡ್ತಾರೆ.”

“ಅವನಿಗೆ ಫೋನೂ ಬೇಡ, ಗೀನೂ ಬೇಡ.” ಅಜ್ಜಿ ಆಗಲೇ ಬಾಗಿಲ ಕಡೆ ತಿರುಗಿದ್ದಳು. “ಸಂಜೆ ಸೊಸೆ ಕೈಲೇ ನನ್ನನ್ನೂ ಸೇರಿಸ್ಕೋತೀನಿ ಬಿಡು.”