ಬಟ್ಟಲಿನ ಎರಡನೇ ಎಂಟು

...ಅಯ್ಯೋ, ಎಣಿಸೋದು ಬಿಡಕ್ಕ! ಬಟ್ಟಲೊಳಗಿನ ಒಂಬತ್ತು ಮನೆ ಚೌಕದಲ್ಲಿ ಎಷ್ಟು ಸಲ ಬೆರಳಿಟ್ಟು ಕೂಡಿದ್ರೂ ಆ ಸಾಲು ಹದಿನಾರೇ, ಹದಿನೈದಲ್ಲ. ಹೌದು, ಎರಡು ಎಂಟಿದೆ, ಏಳೇ ಇಲ್ಲ. ನಾನೇನು ಮಾಡ್ಲಿ? ಬರೆದವನು ಚೀನಾದವನು! ಇನ್ನೂರು ವರ್ಷದ ಕೆಳಗೆ ಯಾವನೋ ವ್ಯಾಪಾರಿ ಚೀಟಿ ಕೊಟ್ಟ, ಇವನು ನೋಡ್ಕೊಂಡು ಗೀಚಿದ. ಅರಬ್ಬಿ ಅಂಕಿ ಅವನಿಗೆ ಕಾಗೆ ಕಾಲು ಗುಬ್ಬಿ ಕಾಲು. ಅರಬ್ಬಿ ಬರಹದಲ್ಲಿ ಏಳನ್ನ ತಲೆಕೆಳಗು ಮಾಡಿದ್ರೆ ಎಂಟು, ಅಷ್ಟೇ! ಅಂಚಿನ ದುವಾ ನೋಡು, ಆ ಪ್ರಾರ್ಥನೆಗೂ ಅರ್ಧಕ್ಕೇ ಜಾಗ ಮುಗಿದಿದೆ... ಯಾಕೆ ಹಾಗೆ ನೋಡ್ತೀಯ?

ಪುಟ್ಟಿ ತೀರ್ಕೊಂಡು ತಿಂಗಳಾಯ್ತು. ಮಗಳ ಬಟ್ಟೆ ಎತ್ತಿಡೋದು ಬಿಟ್ಟು, ನನ್ನ ಅಂಗಡಿಗೆ ಬಂದು ಈ ಬಟ್ಟಲು ಹಿಡ್ಕೊಂಡು ಕೂತಿದ್ದೀಯ. ಒಡೆದ ಪಿಂಗಾಣಿ ಜೋಡಿಸೋದ್ರಲ್ಲೇ ಮೂವತ್ತು ವರ್ಷ ಕಳೆದೋನು ನಾನು, ನನ್ನ ಮಾತು ನಂಬು. ಜ್ವರ ಬಂದಾಗ ಅಮ್ಮ ನಮಗೂ ಇದರಲ್ಲೇ ನೀರು ಕುಡಿಸಿಲ್ವಾ? ಅಡ್ಡ ಕೂಡು, ಉದ್ದ ಕೂಡು, ಮೂಲೆಯಿಂದ ಮೂಲೆಗೆ ಕೂಡು ಅನ್ನೋಳು. ಹದಿನೈದು ಬಂದ್ರೆ ಒಂದು ಮುತ್ತು...

ಹೂಂ. ಹದಿನೈದೇ ಬರ್ತಿತ್ತು. ಆಗ... ಚಿಕ್ಕೋರು ನಾವು, ಲೆಕ್ಕ ತಪ್ಪಿರ್ತೀವಿ.

ಸರಿ, ಸರಿ! ಬಿತ್ತು! ಪುಟ್ಟಿಗೆ ಮೊದಲ ಸಲ ಜ್ವರ ಬಂದಾಗ ತೊಳೆದುಕೊಡು ಅಂತ ಕೊಟ್ಟಿದ್ಯಲ್ಲ, ಆಗ ಕೈಜಾರಿ ಬಿತ್ತು. ಏಳು ಇದ್ದ ಚೂರು ಪುಡಿಪುಡಿ. ಜಾಗ ತುಂಬಿಸಿ ಬಣ್ಣದಲ್ಲಿ ಅಂಕಿ ಬರೆದೆ, ಬಟ್ಟಲು ತಿರುಗಿಸಿ ಹಿಡಿದಿದ್ದೆ, ಉಲ್ಟಾ ಆಯ್ತು. ಒಡೆದ ಬಟ್ಟಲಿಗೆ ಜ್ವರ ಬಿಡಿಸೋ ಗುಣ ಇರಲ್ಲ ಅಂತ ನೀನು ಅಳ್ತೀಯ, ಅದಕ್ಕೇ ಹೇಳ್ಲಿಲ್ಲ. ಅಷ್ಟೇ! ಒಂದು ಅಂಕಿ ತಪ್ಪಿದ್ರೆ ಮಗು ಸಾಯುತ್ತಾ? ಬಿಟ್ಟು ಬಿಟ್ಟು ಬರೋ ಜ್ವರ, ಆಮೇಲೆ ಹೊಟ್ಟೆನೋವು, ವಾಂತಿ, ಫಿಟ್ಸು... ಡಾಕ್ಟರಿಗೇ ತಿಳೀಲಿಲ್ಲ, ನಂಗೇನು ಗೊತ್ತು? ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನೀನು ಕುಡಿಸಿದ್ದು ಬರೀ ನೀರು ತಾನೆ?

ಹೂಜಿ ಯಾಕೆ ಎತ್ಕೊಂಡೆ? ಬಾಯಾರಿಕೆನಾ? ಲೋಟ ಇದೆ, ತಗೋ. ಅಕ್ಕ, ಲೋಟ ಇಲ್ಲಿದೆ... ಬಟ್ಟಲಿಗೆ ಯಾಕೆ ಸುರೀತೀಯ? ಬೈ, ಹೊಡಿ, ಆದ್ರೆ ಅದನ್ನ ಕೆಳಗಿಡು...

ಬೇಡ! ತುಟಿಗಿಡಬೇಡ! ಚೆಲ್ಲು ಅದನ್ನ! ಸೀಸದ ಬಣ್ಣ ಕಣಕ್ಕ ಅದು, ನೀರಿಗೆ ವಿಷ ಬಿಡುತ್ತೆ...

...ಹಾಗೆ ನೋಡಬೇಡ. ಅಂಗಡಿಗೆ ಬರೋರಿಗೆಲ್ಲ ಹೇಳ್ತೀನಿ ನಾನು. ಜೋಡಿಸಿದ್ದು ಷೋಕೇಸಿಗೆ, ಬಾಯಿಗಲ್ಲ ಅಂತ. ಒಬ್ಬರನ್ನೂ ಬಿಡದೆ ಹೇಳ್ತೀನಿ. ನಿಂಗೆ ಹೇಳಿದ್ರೆ... ಒಡೆದಿದ್ದನ್ನೂ ಹೇಳ್ಬೇಕಿತ್ತಲ್ಲ, ಅಕ್ಕ.