ಜೇಬಿನಲ್ಲಿದ್ದ ಉಪ್ಪು

ಹೊಸ ರೆಸ್ಟೋರೆಂಟಿನ ಮುಂದೆ ಸಾಲು ಬೆಳೆದಿತ್ತು. ಮುಂದಿದ್ದ ಗಂಡ ಹೆಂಡತಿಯ ಪಿಸುಮಾತಿಗೆ ಹಿಂದೆ ನಿಂತಿದ್ದ ಒಬ್ಬ ದರ್ಜಿಯ ಕಿವಿ ನೆಟ್ಟಗಾಯಿತು.

“ರೀ, ಮಗ ಇವತ್ತೇ ಮೊದಲು ಇಲ್ಲಿ ಅಡುಗೆಗೆ ನಿಂತಿರೋದು. ನಾವು ಬಂದಿದ್ದು ಅವನಿಗೆ ಗೊತ್ತಾಗಬಾರದು.”

“ನಾನೇನು ಡಂಗುರ ಹೊಡೀತೀನಾ?”

“ತುತ್ತು ಬಾಯಿಗಿಡೋ ಮುಂಚೆನೇ ಉಪ್ಪು ಕೇಳ್ತೀರಲ್ಲ, ಅದೇ ಡಂಗುರ! ಮನೇಲಿ ಅವನು ಸೌಟು ಬಿಸಾಕಿದ್ದು ಅದಕ್ಕೇ ತಾನೇ?”

“ಇವತ್ತು ಕೇಳಲ್ಲ ಕಣೇ.”

“ಮತ್ತೆ ಜೇಬಲ್ಲಿ ಉಬ್ಬಿರೋದೇನು?”

“ಒಂದು ಚಿಟಿಕೆ... ಧೈರ್ಯಕ್ಕೆ.”

“ಕುಳಿತ ತಕ್ಷಣ ಶರಬತ್ತು ಕೊಡ್ತಾರಂತೆ. ಅದಕ್ಕೂ ಸುರಕೊಳ್ಳಿ!”

“ಇಬ್ಬರು ಬನ್ನಿ” ಎಂದು ಒಳಗಿನಿಂದ ಕರೆದರು. ಹೆಂಡತಿ ಸೆರಗು ಸರಿಮಾಡಿಕೊಂಡು ಹೊರಟರು. ಯಜಮಾನರು ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು ದರ್ಜಿಯ ಕೈಗಿಟ್ಟರು.

“ಇಟ್ಕೊಂಡಿರಿ ಸ್ವಾಮಿ. ನಾನೇ ಬಂದು ಬೇಡಿದ್ರೂ ಕೊಡಬೇಡಿ.”